ತಾಟಿನಲ್ಲಿ ಕಡೆಗೆ ಉಳಿದ ಚೀಟಿ

ಆ ವಾಕ್ಯವನ್ನು ಎಸ್ತೇರಳಿಗೆ ದೇವರು ಕೊಡಲಿಲ್ಲ. ನಾನು ಕೊಟ್ಟೆ. ನನ್ನ ಸೆರಗಿನ ಗಂಟಿನಿಂದ ತೆಗೆದು, ತಾಟಿನಲ್ಲಿಟ್ಟು, ಎರಡೂ ಕೈಯಿಂದ ಅವಳ ಮುಂದೆ ಹಿಡಿದೆ. ಒಂಬತ್ತು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಈಗಲೂ ಹೇಳಬೇಡ ಎನ್ನುವವರೇ ಸುತ್ತಲೂ ಇದ್ದಾರೆ — ಅದಕ್ಕೇ ಬರೆಯಲು ಕುಳಿತಿದ್ದೇನೆ.

ನಮ್ಮ ರೂಢಿ ಗೊತ್ತಿಲ್ಲದವರಿಗೆ ಮೊದಲು ಅದನ್ನು ತಿಳಿಸುತ್ತೇನೆ. ರಾಣೇಬೆನ್ನೂರಿನ ನಮ್ಮ ಕ್ರೈಸ್ತ ಸಭೆ ಸಣ್ಣದು. ಹಲಗೇರಿಯಿಂದ, ಬ್ಯಾಡಗಿಯಿಂದ ಬರುವವರನ್ನು ಸೇರಿಸಿದರೂ ಮೂವತ್ತು ಮನೆ ದಾಟುವುದಿಲ್ಲ. ಜನವರಿ ಒಂದರ ಬೆಳಗಿನ ಆರಾಧನೆ ಮುಗಿಯುತ್ತಲೇ ಬಿಳಿ ಬಟ್ಟೆ ಹೊದಿಸಿದ ಒಂದು ಸ್ಟೀಲಿನ ತಾಟು ಸಾಲಿನಿಂದ ಸಾಲಿಗೆ ಬರುತ್ತದೆ. ಬಟ್ಟೆಯ ಕೆಳಗೆ ಮಡಿಚಿದ ಚೀಟಿಗಳು. ಒಂದೊಂದರಲ್ಲಿ ಸತ್ಯವೇದದ ಒಂದೊಂದು ವಾಕ್ಯ. ಕಣ್ಣು ಮುಚ್ಚಿ, ಮನಸ್ಸಿನಲ್ಲಿ ಪ್ರಾರ್ಥಿಸಿ, ಕೈಗೆ ಬಂದದ್ದನ್ನು ತೆಗೆಯಬೇಕು. ಅದೇ ಆ ವರ್ಷಕ್ಕೆ ದೇವರು ನಿಮಗೆಂದು ಹೇಳಿದ ಮಾತು. ಕೆಲವರು ಅದನ್ನು ಕಪಾಟಿನ ಬಾಗಿಲ ಒಳಗೆ ಅಂಟಿಸುತ್ತಾರೆ, ಕೆಲವರು ಅಕ್ಕಿ ಡಬ್ಬಿಯಲ್ಲಿ ಇಡುತ್ತಾರೆ.

ಚೀಟಿ ಬರೆಯುವ ಕೆಲಸ ನನ್ನದು. ನನ್ನ ಅಪ್ಪ ಈ ಸಭೆಯಲ್ಲಿ ಉಪದೇಶಿಯಾಗಿದ್ದರು, ಅವರ ನಂತರ ಈ ಕೆಲಸ ನನಗೆ ಬಂತು. ನಾನು ಕನ್ನಡ ಶಾಲೆಯ ಟೀಚರು, ಅಕ್ಷರ ದುಂಡಗಿತ್ತು. ಡಿಸೆಂಬರಿನಲ್ಲಿ ಒಂದು ನೋಟುಬುಕ್ಕಿನಲ್ಲಿ ವಾಕ್ಯಗಳನ್ನೆಲ್ಲ ಬರೆದುಕೊಂಡು, ಆಮೇಲೆ ಚೀಟಿಗೆ ಇಳಿಸಿ, ಕತ್ತರಿಸಿ, ಒಂದೇ ನಮೂನೆ ಮಡಿಚುತ್ತಿದ್ದೆ. ಯಾವ ಚೀಟಿ ಯಾರಿಗೆ ಎಂದು ನಾನು ತಿಳಿಯಬಾರದು — ಅದೊಂದೇ ನಿಯಮ.

ಆ ಚೀಟಿಗಳನ್ನು ನಮ್ಮ ಜನ ಓದುವ ಪರಿ ನೋಡಿದರೆ ನಗು ಬರುತ್ತಿತ್ತು. ಯೇಸು ಹೇಳಿದ ಬಿತ್ತುವವನ ಕಥೆಯ ವಾಕ್ಯ ಬಂದವನೊಬ್ಬ ಅದೇ ವರ್ಷ ಬೀಜದ ಅಂಗಡಿ ತೆರೆದ. ಅಂಗಡಿ ಚೆನ್ನಾಗಿಯೇ ನಡೆಯಿತು; ಎಲ್ಲ ದೇವರ ದಯೆ ಎಂದು ಸಭೆಯಲ್ಲಿ ನಿಂತು ಸಾಕ್ಷಿಯನ್ನೂ ಹೇಳಿದ. ಆ ಕಥೆಯಲ್ಲಿ ಬಿತ್ತಿದ ಬೀಜ ದಾರಿಯಲ್ಲಿ, ಬಂಡೆಯ ಮೇಲೆ, ಮುಳ್ಳಿನಲ್ಲಿ ಬಿದ್ದು ಹಾಳಾದದ್ದೇ ಬಹಳ ಎಂದು ಅವನಿಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ನಕ್ಕು ಸುಮ್ಮನಿದ್ದೆ. ಅಂಥ ಓದಿನಿಂದ ಯಾರಿಗೆ ಏನು ನಷ್ಟ ಎಂದುಕೊಂಡಿದ್ದೆ.

ಎಸ್ತೇರ ನನ್ನ ತಮ್ಮನ ಹೆಂಡತಿ. ಬ್ಯಾಡಗಿಯ ಹುಡುಗಿ. ಅವಳನ್ನು ನೋಡಿ, ಒಪ್ಪಿ, ಮನೆಗೆ ತಂದವಳೂ ನಾನೇ. ನನಗೆ ಮದುವೆಯಾಗಲಿಲ್ಲ, ಅಪ್ಪನ ಮನೆಯಲ್ಲಿ ತಮ್ಮನ ಸಂಸಾರದೊಂದಿಗೇ ಇದ್ದೆ. ತಮ್ಮ ಹೊರಗೆ ಬಹಳ ಮೆದು ಮನುಷ್ಯ, ಸಭೆಯಲ್ಲಿ ಹಾಡು ಎತ್ತಿಕೊಡುವವನು. ಮನೆಯಲ್ಲಿ ಹೆಂಡತಿಯನ್ನು ಹೊಡೆಯುತ್ತಿದ್ದ. ಕುಡಿದು ಹೊಡೆಯುತ್ತಿದ್ದ ಎಂದು ಬರೆದರೆ ನಿಮಗೂ ನನಗೂ ಸಮಾಧಾನವಾದೀತು — ಅವನು ಕುಡಿಯುತ್ತಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೊಡೆಯುತ್ತಿದ್ದ, ಎದುರು ಮಾತಾಡಿದಳೆಂದು ಹೊಡೆಯುತ್ತಿದ್ದ. ನಾನು ಪಕ್ಕದ ಕೋಣೆಯಲ್ಲಿ ಮಕ್ಕಳ ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ.

ಅವಳು ಒಮ್ಮೆ ಸಭೆಯ ಹಿರಿಯರ ಮುಂದೆ ಹೇಳಿಕೊಂಡಳು. ಅವರು ತಮ್ಮನನ್ನು ಕರೆದು ಪ್ರಾರ್ಥನೆ ಮಾಡಿಸಿದರು. ಅವಳಿಗೆ, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹೇಳಿ ಕಳಿಸಿದರು. ಸತ್ಯವೇದದಲ್ಲಿ ಎಲ್ಲಿಯೂ ಇಲ್ಲದ ಆ ಗಾದೆಯನ್ನು ಅವರು ವಾಕ್ಯ ಓದುವ ಧ್ವನಿಯಲ್ಲೇ ಹೇಳಿದರು.

ಆ ಡಿಸೆಂಬರಿನಲ್ಲಿ ಅವಳಿಗೆ ಹಾವೇರಿಯ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆಯ ಕೆಲಸ ಸಿಕ್ಕಿತು. ಇರಲು ಒಂದು ಕೋಣೆಯನ್ನೂ ಕೊಡುತ್ತಿದ್ದರು. ಮಗಳು ಪ್ರೇರಣಾಳನ್ನು ಕರೆದುಕೊಂಡು ಹೋಗಬೇಕೆಂದು ಅವಳ ಮನಸ್ಸು. ಹೋದರೆ ದೇವರು ಮೆಚ್ಚುವನೋ ಇಲ್ಲವೋ ಎಂಬ ಭಯ. ಜೋಳ ಹಸನು ಮಾಡುತ್ತಾ ಕುಳಿತಾಗ ನನಗೊಬ್ಬಳಿಗೇ ಹೇಳಿದಳು:

"ನನಗೇನೂ ತಿಳೀವಲ್ದು ಅಕ್ಕಾರ. ಹೊಸ ವರ್ಷದ ಚೀಟ್ಯಾಗ ದೇವರು ಏನ್ ಹೇಳ್ತಾನೋ ಹಂಗ ಮಾಡ್ತೇನಿ. ಹೋಗು ಅಂದ್ರ ಹೋಕ್ಕೇನಿ, ಇರು ಅಂದ್ರ ಇರ್ತೇನಿ."

ಚೀಟಿ ಬರೆಯುವವಳ ಮುಂದೆಯೇ ಹೀಗೆ ಹೇಳಿದಳು — ಅಷ್ಟು ನಂಬಿದ್ದಳು.

ಪ್ರೇರಣಾಗೆ ಆಗ ಆರು ವರ್ಷ. ಅವಳಿಗೆ ಜಳಕ ಮಾಡಿಸುವುದು, ಜಡೆ ಹಾಕುವುದು, ಅಕ್ಷರ ತಿದ್ದಿಸುವುದು ಎಲ್ಲ ನಾನೇ. ನನ್ನ ಮಗ್ಗುಲಲ್ಲೇ ಮಲಗುತ್ತಿದ್ದಳು. ಅವಳಿಲ್ಲದ ಮನೆಯನ್ನು ನೆನೆಸಿಕೊಳ್ಳಲೂ ನನ್ನಿಂದ ಆಗುತ್ತಿರಲಿಲ್ಲ. ತಮ್ಮನ ಮರ್ಯಾದೆ, ಅಪ್ಪನ ಹೆಸರು ಎಂದೆಲ್ಲ ಆಗ ನನಗೆ ನಾನೇ ಹೇಳಿಕೊಂಡೆ. ಅದೆಲ್ಲ ಸುಳ್ಳು. ನನಗೆ ಆ ಕೂಸು ಬೇಕಾಗಿತ್ತು. ಕೂಸು ನನ್ನ ಬಳಿ ಉಳಿಯಬೇಕಾದರೆ ಅದರ ತಾಯಿ ಪೆಟ್ಟು ತಿನ್ನುತ್ತಲೇ ಇರಬೇಕು — ಅಷ್ಟೂ ಗೊತ್ತಿದ್ದೇ ಮಾಡಿದೆ.

ಹೆಂಡತಿ ಗಂಡನಿಗೆ ಅಧೀನಳಾಗಿರಬೇಕೆಂಬ ವಾಕ್ಯವನ್ನು ಬೇರೊಂದು ಕಾಗದದಲ್ಲಿ ಬರೆದೆ. ಅದರ ಮೇಲಿನ ಸಾಲಿನಲ್ಲಿ ಎಲ್ಲರೂ ಒಬ್ಬರಿಗೊಬ್ಬರು ತಗ್ಗಿ ನಡೆಯಬೇಕೆಂದಿದೆ, ಅದನ್ನು ಬರೆಯಲಿಲ್ಲ. ಕೆಳಗೆ, ಗಂಡನಾದವನು ಹೆಂಡತಿಯನ್ನು ತನ್ನ ಸ್ವಂತ ಮೈಯಂತೆ ಪ್ರೀತಿಸಬೇಕೆಂದಿದೆ, ಅದನ್ನೂ ಬರೆಯಲಿಲ್ಲ. ಶಾಲೆಯಲ್ಲಿ ಯಾವುದಾದರೂ ಹುಡುಗಿ ಪಾಠದ ಅರ್ಧ ಮಾತನ್ನಷ್ಟೇ ಕಿತ್ತು ಬರೆದರೆ ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತಿದ್ದವಳು ನಾನು.

ಹೊಸ ವರ್ಷದ ದಿನ ಎಸ್ತೇರ ಸಭೆಯ ಹಿಂದಿನ ಕೋಣೆಯಲ್ಲಿ ಎಲ್ಲರಿಗೂ ಶಿರಾ, ಚಹಾ ಮಾಡುತ್ತಿದ್ದಳು. ಒಲೆಯ ಮುಂದಿನವರಿಗೆ ತಾಟು ಬರುವುದು ಕಡೆಗೆ. ನಾನೇ ಒಯ್ದೆ. ಒಂದೇ ಚೀಟಿ ಉಳಿದಿತ್ತು. ಬಾಗಿಲ ಮರೆಯಲ್ಲಿ ಅದನ್ನು ತೆಗೆದು ಮುಷ್ಟಿಯಲ್ಲಿ ಹಿಡಿದು, ನನ್ನದನ್ನು ಇಟ್ಟೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡು, ತಲೆಯ ಮೇಲೆ ಸೆರಗು ಎಳೆದುಕೊಂಡು, ಕಣ್ಣು ಮುಚ್ಚಿ — ತಾಟಿನಲ್ಲಿ ಇದ್ದದ್ದು ಒಂದೇ ಆದರೂ ಕಣ್ಣು ಮುಚ್ಚಿ — ತೆಗೆದಳು. ಓದಿದಳು. ಮಡಿಚಿ ಕುಪ್ಪಸದಲ್ಲಿ ಇಟ್ಟುಕೊಂಡು ಚಹಾದ ಲೋಟ ತುಂಬಿದ ಬುಟ್ಟಿ ಎತ್ತಿಕೊಂಡು ಹೊರಗೆ ಹೋದಳು.

ಅವಳ ನಿಜವಾದ ಚೀಟಿಯನ್ನು ನಾನು ಒಲೆಗೆ ಹಾಕಿದೆ. ಬಿಚ್ಚಲಿಲ್ಲ. ಬಿಚ್ಚಿದ್ದರೆ ಒಳಗೇನಿದೆ ಎಂದು ಗೊತ್ತಾಗುತ್ತಿತ್ತು; ಗೊತ್ತಾದ ಮೇಲೆ ಸುಡುವಷ್ಟು ಧೈರ್ಯ ನನ್ನಲ್ಲಿರಲಿಲ್ಲ. ಚೀಟಿಯಲ್ಲಿ ದೇವರು ಮಾತಾಡುತ್ತಾನೆಂದು ಈಗ ನಾನು ನಂಬುವುದಿಲ್ಲ. ಆದರೆ ಅವತ್ತು ನಂಬಿದ್ದೆ. ನಂಬಿಯೂ ಸುಟ್ಟೆ.

ಅವಳು ಹಾವೇರಿಗೆ ಹೋಗಲಿಲ್ಲ. ಐದು ವರ್ಷ ಇದ್ದಳು. ನನ್ನ ದುಂಡಗಿನ ಅಕ್ಷರ ಅವಳ ಕಪಾಟಿನ ಬಾಗಿಲಲ್ಲಿ ಐದು ವರ್ಷ ಅಂಟಿಕೊಂಡಿತ್ತು. ಆಮೇಲಿನ ಹೊಸ ವರ್ಷಗಳಲ್ಲಿ ಬಂದ ಬೇರೆ ಚೀಟಿಗಳನ್ನು ಅವಳು ಅಂಟಿಸಲೇ ಇಲ್ಲ; ಕೇಳಿದ್ದಕ್ಕೆ ದೇವರು ಒಮ್ಮೆ ಉತ್ತರ ಕೊಟ್ಟಾಗಿದೆ ಎನ್ನುತ್ತಿದ್ದಳು. ಕಡೆಗೆ ಒಂದು ದಿನ ತಮ್ಮ ಕೆನ್ನೆಗೆ ಹೊಡೆದ ಏಟಿಗೆ ಅವಳ ಎಡಗಿವಿಯಿಂದ ರಕ್ತ ಬಂತು. ಆ ಕಿವಿ ಮತ್ತೆ ಕೇಳಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವಳು ಸತ್ಯವೇದದಲ್ಲಿ ಆ ವಾಕ್ಯವಿರುವ ಪತ್ರವನ್ನು ಮೊದಲಿನಿಂದ ಕಡೆಯವರೆಗೆ ಒಂದೇ ಸಲಕ್ಕೆ ಓದಿದಳು. ನಮ್ಮಲ್ಲಿ ಹಾಗೆ ಓದುವವರು ಕಡಿಮೆ. ವಾರಕ್ಕೆ ನಾಲ್ಕು ಸಾಲು ಓದಿ, ಅದರ ಮೇಲೆ ಒಂದು ತಾಸು ಪ್ರಸಂಗ ಕೇಳಿ ಮನೆಗೆ ಹೋಗುವವರು ನಾವು.

"ಮ್ಯಾಲಿನ ಸಾಲು ಬಿಟ್ಟು, ಕೆಳಗಿನ ಸಾಲು ಬಿಟ್ಟು, ನನಗ ಅದೊಂದ ಯಾಕ ಕೊಟ್ಟಾ ಅಕ್ಕಾರ?" ಎಂದು ಕೇಳಿದಳು. "ದೇವರೂ ಬಡಿಯಾವರ ಕಡೀಗೇ ಅದಾನ."

ಬಾಯಿ ತೆರೆಯಬೇಕಾಗಿದ್ದ ಹೊತ್ತು ಅದು. ನಾನು ಮೋಸಂಬಿ ಸುಲಿಯುತ್ತಾ ಕುಳಿತೆ. ವಾರದ ನಂತರ ಅವಳು ಮಗಳ ಕೈ ಹಿಡಿದು ಹಾವೇರಿಯ ಬಸ್ಸು ಹತ್ತಿದಳು. ಸತ್ಯವೇದವನ್ನು ಕಪಾಟಿನ ಮೇಲೆ ಬಿಟ್ಟು ಹೋದಳು. ಗಂಡನನ್ನು ಬಿಟ್ಟಳೆಂದು ಸಭೆ ಆಡಿಕೊಂಡಿತು. ಅವಳು ದೇವರನ್ನೇ ಬಿಟ್ಟಿದ್ದಳು, ಅದೂ ನನ್ನಿಂದಾಗಿ. ಅದು ನನಗೊಬ್ಬಳಿಗೆ ಗೊತ್ತಿತ್ತು.

ಇನ್ನೂ ನಾಲ್ಕು ವರ್ಷ ಸುಮ್ಮನಿದ್ದೆ. ಪ್ರತಿ ಡಿಸೆಂಬರಿನಲ್ಲಿ ಅದೇ ಕೈಯಿಂದ ಚೀಟಿ ಬರೆದೆ. ಕಳೆದ ಡಿಸೆಂಬರಿನಲ್ಲಿ ಪೆನ್ನು ಹಿಡಿದವಳು ಒಂದು ಚೀಟಿಯನ್ನೂ ಬರೆಯದೆ ಎದ್ದೆ. ಸಭಾಪಾಲಕರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಸಭೆಯ ಮುಂದೆ ನಿಂತು ಹೇಳುತ್ತೇನೆ ಎಂದೂ ಅಂದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಮಂದಿ ನಂಬಿಕಿ ಕೆಡತೈತ್ರಿ ಟೀಚರ್," ಎಂದರು. "ನಿಮ್ಮ ಕೈಲೆ ದೇವರ ಮಾಡಿಸಿರಬೇಕು. ಯೋಸೇಫನ ಅಣ್ಣಂದಿರು ಮಾಡಿದ ಕೆಟ್ಟದ್ದನ್ನ ದೇವರು ಒಳ್ಳೇದಕ್ಕ ತಿರುಗಿಸಲಿಲ್ಲೇನ್ರಿ?"

ಅಲ್ಲಿ ನನ್ನ ಬೆನ್ನು ನೆಟ್ಟಗಾಯಿತು. ಸತ್ಯವೇದದಲ್ಲಿ ಆ ಮಾತನ್ನು ಆಡಿದವನು ಯೋಸೇಫ. ತಗ್ಗಿನಲ್ಲಿ ಬಿದ್ದವನು, ಅಣ್ಣಂದಿರ ಕೈಯಿಂದಲೇ ಮಾರಾಟವಾದವನು, ಸೆರೆಮನೆಯಲ್ಲಿ ಕೊಳೆತವನು. ಅವನಿಗೆ ಆ ಮಾತಿನ ಹಕ್ಕಿತ್ತು. ತಗ್ಗಿಗೆ ನೂಕಿದ ಅಣ್ಣಂದಿರು ತಮ್ಮ ಬಾಯಿಂದ ಹಾಗೆ ಹೇಳಿಕೊಳ್ಳಲಿಲ್ಲ. ನೆಲಕ್ಕೆ ಬಿದ್ದು ಕ್ಷಮೆ ಬೇಡಿದರು. ಒಂದು ಮಾತು ಯಾರ ಬಾಯಲ್ಲಿದೆ ಎಂದು ನೋಡದೆ ಓದುವುದು, ನಮಗೆ ಬೇಕಾದವರ ಬಾಯಿಗೆ ಅದನ್ನು ತುರುಕುವುದು — ನಾನು ಮಾಡಿದ್ದೂ ಅದನ್ನೇ ಅಲ್ಲವೇ? ಇದನ್ನು ಸಭಾಪಾಲಕರ ಮುಖಕ್ಕೇ ಹೇಳಿದೆ. ಸಭೆಯಲ್ಲಿ ನಿಲ್ಲಲು ನನಗೆ ಅನುಮತಿಯಿಲ್ಲ ಎಂದರು. ಇರಲಿ. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಬೇಲಿಯ ಮರ್ಯಾದೆ ಕಾಯುತ್ತಾ ಕೂರುವವಳು ನಾನಲ್ಲ.

ಹಾಗಾದರೆ ಆ ಪುಸ್ತಕವನ್ನೇ ಬಿಟ್ಟುಬಿಡಿ ಎಂದು ನನ್ನ ಜೊತೆ ಕೆಲಸ ಮಾಡಿದ ಟೀಚರೊಬ್ಬರು ಹೇಳಿದರು. ಬಿಡುವುದಿಲ್ಲ. ಅದರಿಂದ ಒಂದು ಸಾಲು ಕಿತ್ತವಳು ನಾನು. ಪುಸ್ತಕ ಎಸ್ತೇರಳ ಮೇಲೆ ಕೈ ಎತ್ತಿಲ್ಲ. ಈಗ ದಿನವೂ ಓದುತ್ತೇನೆ, ಅಧ್ಯಾಯದ ನಡುವೆ ನಿಲ್ಲಿಸುವುದಿಲ್ಲ.

ಜನವರಿಯಲ್ಲಿ ಹಾವೇರಿಗೆ ಹೋದೆ. ಎಸ್ತೇರ ಹಾಸ್ಟೆಲಿನ ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವಳ ಬಲಗಡೆ, ಕೇಳುವ ಕಿವಿಯ ಕಡೆ ಕುಳಿತು ಹೇಳಿದೆ. ಸೆರಗಿನ ಗಂಟು, ತಾಟು, ಒಲೆ, ಪ್ರೇರಣಾ — ಒಂದನ್ನೂ ಬಿಡಲಿಲ್ಲ. ಅವಳ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಬಂದರೂ ತೆಗೆಯಲಿಲ್ಲ.

"ಹಂಗಾರ ಅದು ದೇವರು ಕೊಟ್ಟಿದ್ದಲ್ಲ," ಎಂದಳು. ಆಮೇಲೆ ಕೇಳಿದಳು: "ನನ್ನ ಚೀಟ್ಯಾಗ ಏನಿತ್ರಿ?"

"ಸುಟ್ಟೆನವ್ವಾ. ಬಿಚ್ಚಿ ಸೈತ ನೋಡ್ಲಿಲ್ಲ."

ಅವಳು ಸೀದ ರೊಟ್ಟಿಯನ್ನು ಬದಿಗಿಟ್ಟು ಬೇರೆ ಹಿಟ್ಟು ತೆಗೆದುಕೊಂಡಳು. ಪ್ರೇರಣಾ ಬಾಗಿಲ ತನಕ ಬಂದು ನಿಂತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನಾನು ತಿರುಗಿ ನೋಡುವಷ್ಟರಲ್ಲಿ ಒಳಗೆ ಹೋದಳು. ನಾನು ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ಅದನ್ನು ಕೊಡುವ ಕೆಲಸವೂ ಅವಳ ತಲೆಗೇ ಬೀಳುತ್ತಿತ್ತು.

ಆದರೆ ಅವಳು ಕೇಳಿದ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮನೆಗೆ ಬಂದು ಟ್ರಂಕಿನ ತಳದಿಂದ ಆ ವರ್ಷದ ನೋಟುಬುಕ್ಕು ತೆಗೆದೆ. ಎಪ್ಪತ್ತೆರಡು ವಾಕ್ಯ ಇದ್ದವು. ಉಳಿದವರಿಗೆ ಬಂದದ್ದು ಯಾವುದೆಂದು ಗೊತ್ತಾದರೆ, ಕಡೆಗೆ ಉಳಿಯುವುದು ಅವಳದು. ಅವತ್ತಿನಿಂದ ಮನೆಮನೆಗೆ ಹೋಗುತ್ತಿದ್ದೇನೆ. ಆ ವರ್ಷದ ಚೀಟಿ ಇದೆಯೇ, ಇಲ್ಲದಿದ್ದರೆ ನೆನಪಾದರೂ ಇದೆಯೇ ಎಂದು ಕೇಳುತ್ತೇನೆ. ಯಾಕೆ ಎಂದು ಕೇಳಿದವರಿಗೆ ಯಾಕೆಂದು ಹೇಳುತ್ತೇನೆ. ಕೇಳದವರಿಗೂ ಹೇಳುತ್ತೇನೆ. ಸಭೆಯಲ್ಲಿ ಒಂದು ಸಲ ಹೇಳಲು ಬಿಡಲಿಲ್ಲ. ಈಗ ಹೊಸ್ತಿಲಿಗೊಂದು ಸಲ ಹೇಳುತ್ತಿದ್ದೇನೆ. ತಮ್ಮ ನನ್ನೊಂದಿಗೆ ಮಾತು ಬಿಟ್ಟಿದ್ದಾನೆ. ಹಿರಿಯರೊಬ್ಬರು ನನ್ನನ್ನು ನೋಡಿ ಬಾಗಿಲು ಹಾಕಿಕೊಂಡರು. ಬಾಗಿಲ ಹೊರಗೆ ನಿಂತೇ ಹೇಳಿ ಬಂದೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಒಬ್ಬ ಮುದುಕಿ ಇದ್ದಾಳೆ. ಅವಳಿಗೆ ಓದು ಬರಹ ಇಲ್ಲ. ಎಲೆ ಅಡಿಕೆಯ ಸಂಚಿಯಲ್ಲಿ ಎಲ್ಲ ವರ್ಷದ ಚೀಟಿಗಳೂ ಇದ್ದವು, ಒಂದನ್ನೂ ಬಿಚ್ಚಿರಲಿಲ್ಲ. ಯಾರಿಂದಲೂ ಓದಿಸಿರಲಿಲ್ಲ. ದೇವರು ಕೊಟ್ಟಿದ್ದಾನೆ, ಅಷ್ಟು ಸಾಕು ಎಂದಳು. ನನ್ನ ಕಥೆಯನ್ನು ಪೂರ್ತಿ ಕೇಳಿಸಿಕೊಂಡು, ಕೈಯ ಕಾಯಿ ಕೆಳಗಿಟ್ಟಳು.

"ಅಂವಾ ಕೈಲೆ ಬಡದಾ. ನೀ ದೇವರ ಹೆಸರ್ಲೆ ಬಡದಿ," ಎಂದಳು. ಆಮೇಲೆ ಸಂಚಿಯನ್ನು ನನ್ನ ಕಡೆಗೆ ಸರಿಸಿದಳು. "ಓದ್ಕೋ. ನನಗ ಕೇಳೂಹಂಗ ಓದಬ್ಯಾಡ."

ಅವಳ ಮಾತು ನಿಜ. ಅದನ್ನು ಇಲ್ಲಿ ಇದ್ದಂತೆಯೇ ಬರೆದಿದ್ದೇನೆ.

ಈವರೆಗೆ ಮೂವತ್ತೆಂಟು ವಾಕ್ಯಗಳಿಗೆ ಗುರುತು ಹಾಕಿದ್ದೇನೆ. ಮೂವತ್ತನಾಲ್ಕು ಉಳಿದಿವೆ, ಅವುಗಳಲ್ಲಿ ಒಂದು ಎಸ್ತೇರಳದು. ಕೆಲವರು ತೀರಿಕೊಂಡಿದ್ದಾರೆ, ಕೆಲವರು ಊರು ಬಿಟ್ಟಿದ್ದಾರೆ, ಬಹಳ ಜನರಿಗೆ ನೆನಪಿಲ್ಲ. ಒಂದೇ ಒಂದು ಉಳಿಯುವ ತನಕ ಹೋಗಲು ಆಗಲಿಕ್ಕಿಲ್ಲ ಎಂದು ನನಗೂ ಗೊತ್ತಿದೆ. ಅದು ಸಿಕ್ಕರೂ ಅವಳ ಎಡಗಿವಿ ಕೇಳುವುದಿಲ್ಲ.

ನಾಳೆ ಹಲಗೇರಿಯಲ್ಲಿ ಎರಡು ಮನೆಗೆ ಹೋಗಬೇಕು. ಬಾಗಿಲು ತೆರೆದವರು ನೀರು ಕೊಡುವ ಮೊದಲೇ ಹೇಳುತ್ತೇನೆ: "ಎಸ್ತೇರಗ ಆ ಚೀಟಿ ಕೊಟ್ಟಾಂವ ದೇವರಲ್ರಿ. ನಾನು."