ಸೋಲುವವರಿಲ್ಲದ ಆಟವನ್ನು ಮಾರಲು ಹೊರಟವರು

ಒಂದು ದೇಶದಲ್ಲಿ ಗೆದ್ದ ಕಿರುತೆರೆಯ ಆಟವನ್ನು ಅದರ ಕೈಪಿಡಿಯ ಸಮೇತ ಕೊಂಡು ತಂದು, ತಮ್ಮ ಜನ ಒಪ್ಪುವಂತೆ ತಿದ್ದಿ ತೀಡಿ ತೋರಿಸುವ ವಿದ್ಯೆಗೆ ಆಕ್ರಾ ನಗರದಲ್ಲಿ ಒಂದು ಹೆಸರಿದ್ದರೆ, ಅದು ಶ್ರೀಮತಿ ಎಕುವಾ ಬೆಂತ್ಸಿಲ್ ಅವರದು. ನಮ್ಮ ಟಿವಿ ವಾಹಿನಿಯಲ್ಲಿನ ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಹನ್ನೊಂದು ದೇಶಗಳ ಆಟಗಳು ಅವರ ಮೇಜನ್ನು ಹಾದು ನಮ್ಮವಾದವು. ಹೊರಗಿನವರು ಅವರನ್ನು ಕೊಳ್ಳುವವರೆಂದೇ ಬಲ್ಲರು. ನಮ್ಮದೊಂದನ್ನು ಹೊರಗೆ ಮಾರಬೇಕೆಂಬ ಹಂಬಲ ಅವರನ್ನು ಎಷ್ಟು ಕಾಡಿತೆಂಬುದನ್ನು ಹತ್ತಿರದಿಂದ ಕಂಡ ನಾನು ಅವರ ಈ ಅಭಿನಂದನಾ ಸಂಪುಟಕ್ಕೆ ಅದನ್ನೇ ಬರೆಯಲು ಕುಳಿತಿದ್ದೇನೆ.

ಅವರ ಕೈಕೆಳಗೆ ಸೇರಿದ ಮೊದಲ ವರ್ಷವೇ ನಾನು ಮಾನ ಕಳೆದುಕೊಂಡೆ. ಹೊರದೇಶದಿಂದ ಬಂದ ಮಕ್ಕಳ ರಸಪ್ರಶ್ನೆಯೊಂದರ ಕೈಪಿಡಿಯಲ್ಲಿ, ಬಲಗೈಯನ್ನು ಗಂಟೆಯ ಗುಂಡಿಯ ಮೇಲಿಟ್ಟು ಎಡಗೈಯಿಂದ ತೀರ್ಪುಗಾರರಿಗೆ ಉತ್ತರದ ಚೀಟಿ ಕೊಡಬೇಕೆಂದು ಬರೆದಿತ್ತು. ನಾನು ಅಕ್ಷರಕ್ಕೆ ಅಕ್ಷರ ಪಾಲಿಸಿದೆ. ನೇರ ಪ್ರಸಾರದಲ್ಲಿ ಹತ್ತು ಮಕ್ಕಳು ನರೆಗೂದಲಿನ ತೀರ್ಪುಗಾರರಿಗೆ ಎಡಗೈ ಚಾಚಿದ್ದನ್ನು ದೇಶವೆಲ್ಲ ನೋಡಿತು. ಕೇಪ್ ಕೋಸ್ಟಿನ ಅಜ್ಜಿಯೊಬ್ಬರು ಫೋನಿನಲ್ಲಿ, "ಯಾವನಪ್ಪಾ ಅವನು? ಕೆಂಕೆ ಮುದ್ದೆ ತಿನ್ನೋ ಕೈ ಯಾವುದು ಅಂತ ಅವನ ತಾಯಿ ಹೇಳಿಕೊಡಲಿಲ್ವಾ?" ಎಂದು ಜಾಡಿಸಿದರು. ವಾಹಿನಿಯ ನಿರ್ದೇಶಕರು ನನ್ನನ್ನು ಕರೆಸಿದರು. ಎಕುವಾ ಆಂಟಿ ನನಗಿಂತ ಮೊದಲೇ ಒಳಗೆ ಹೋಗಿ, "ಕೈಪಿಡಿಗೆ ಸಹಿ ಹಾಕಿದವಳು ನಾನು, ತಪ್ಪು ನಂದೇ" ಎಂದುಬಿಟ್ಟರು. ಆಮೇಲೆ ಹುರಿದ ಮೀನಿನ ಪೊಟ್ಟಣ ನನ್ನ ಮುಂದೆ ಬಿಚ್ಚಿಟ್ಟು, "ಓದೋಕೆ ಕಣ್ಣು ಸಾಕು ಕಣೋ ಫೀಫಿ, ಆಡಿಸೋಕೆ ಊರು ಗೊತ್ತಿರಬೇಕು. ತಿನ್ನು, ಆರಿಹೋಗುತ್ತೆ" ಎಂದರು.

ಅವರ ಸ್ವಂತ ಆಟ ಹುಟ್ಟಿದ್ದು ಆ ಬಳಿಕ. ಅರಸನೊಡನೆ ಯಾರೂ ನೇರವಾಗಿ ಮಾತನಾಡದೆ, ಒಚ್ಯಾಮೆ ಎಂಬ ವಕ್ತಾರನ ಬಾಯಿಂದ ಆಡಿಸುವ ನಮ್ಮ ಪದ್ಧತಿಯನ್ನು ಅವರು ಮನೆಜಗಳಕ್ಕೆ ತಂದರು. ಮುನಿದ ಇಬ್ಬರು ಎದುರುಬದುರು ಕೂರುತ್ತಾರೆ. ಒಬ್ಬರ ಬೈಗುಳವನ್ನು ವಕ್ತಾರ ಹದಮಾಡಿ ಇನ್ನೊಬ್ಬರಿಗೆ ದಾಟಿಸುತ್ತಾನೆ. ಇಬ್ಬರೂ ಅವನನ್ನು ಮರೆತು ತಾವೇ ಮಾತಿಗಿಳಿದ ಕ್ಷಣ ಆಟ ಮುಗಿಯುತ್ತದೆ. ಒಂಬತ್ತು ವರ್ಷ ಮಾತು ಬಿಟ್ಟಿದ್ದ ತೆಮಾದ ಅಕ್ಕತಂಗಿಯರ ಕಂತಿನಲ್ಲಿ ನಮ್ಮ ಕ್ಯಾಮೆರಾದವರೇ ಕಣ್ಣೊರೆಸಿಕೊಂಡರು.

ಈ ಆಟವನ್ನು ಹೊತ್ತು ಅವರು ಹದಿನಾಲ್ಕು ಸಲ ಫ್ರಾನ್ಸಿನ ಕಡಲತಡಿಯಲ್ಲಿ ನೆರೆಯುವ ಕಾರ್ಯಕ್ರಮಗಳ ಸಂತೆಗೆ ಹೋದರು. ಕೊಳ್ಳುವವರೆಲ್ಲರ ಪ್ರಶ್ನೆ ಒಂದೇ: "ಸೋಲೋರು ಯಾರು?" ಯಾರೂ ಸೋಲುವುದಿಲ್ಲವೆಂದರೆ ನಕ್ಕು ಮುಂದಿನ ಅಂಗಡಿಗೆ ನಡೆಯುತ್ತಿದ್ದರು. ಗೊತ್ತಿಲ್ಲದ ಭಾಷೆಯಲ್ಲಿ, ಗೊತ್ತಿಲ್ಲದ ಇಬ್ಬರು ತಮ್ಮ ಆಟದಿಂದ ರಾಜಿಯಾಗುವುದನ್ನು ಒಮ್ಮೆ ನೋಡಬೇಕೆಂಬ ಆಸೆ ಮಾತ್ರ ಅವರಲ್ಲಿ ಬತ್ತಲಿಲ್ಲ. ಬರಿಗೈಯಲ್ಲಿ ಮರಳುವಾಗ ಅವರ ಮುಖ ನೋಡಲು ನನಗೆ ಸಂಕಟವಾಗುತ್ತಿತ್ತು.

ನಿವೃತ್ತಿಗೆ ಮೂರು ತಿಂಗಳಿರುವಾಗ ದೊಡ್ಡ ಸಂಸ್ಥೆಯೊಂದರಿಂದ ಒಪ್ಪಿಗೆಯ ಪತ್ರ ಬಂತು. ಷರತ್ತು ಒಂದೇ: ಕೊನೆಯಲ್ಲಿ ವೀಕ್ಷಕರು ಮತ ಹಾಕಿ ಇಬ್ಬರಲ್ಲೊಬ್ಬರನ್ನು ತಪ್ಪಿತಸ್ಥರೆಂದು ಹೊರಹಾಕಬೇಕು. ನಾನು ಸಹಿ ಹಾಕಿಬಿಡಿ ಎಂದೆ. "ಅವರ ಆಟಗಳನ್ನ ನಾವು ಬದಲಾಯಿಸಲಿಲ್ವಾ ಆಂಟಿ? ಈಗ ಅವರ ಸರದಿ."

ಆಂಟಿ ಪತ್ರದಿಂದ ತಲೆಯೆತ್ತಿದರು. "ಅವರ ಕೂಸಿಗೆ ನಮ್ಮ ಬಟ್ಟೆ ಹೊಲಿಸಿದೆ ಕಣೋ. ಬಟ್ಟೆ ಗಿಡ್ಡ ಆಯ್ತು ಅಂತ ಕಾಲು ಕತ್ತರಿಸಲಿಲ್ಲ."

ಪತ್ರವನ್ನು ಮಡಚಿಟ್ಟವರು ಮತ್ತೆ ಬಿಚ್ಚಿ ಓದಿದ್ದನ್ನು ನಾನು ಕಂಡೆ. ಇನ್ನೊಂದು ಸಲ ಹೇಳಿದ್ದರೆ ಸಹಿ ಹಾಕುತ್ತಿದ್ದರೇನೋ. ನಾನು ಮತ್ತೆ ಹೇಳಲಿಲ್ಲ, ಅವರು ಸಹಿ ಹಾಕಲಿಲ್ಲ.

ಈಗ ಆ ಕುರ್ಚಿಯಲ್ಲಿ ನಾನಿದ್ದೇನೆ. ಕಳೆದ ವಾರ ಅದೇ ಸಂಸ್ಥೆ ಅದೇ ಷರತ್ತಿನೊಡನೆ ನನ್ನ ಹೆಸರಿಗೆ ಬರೆಯಿತು. ನಾನು ಆಗದೆಂದು ಉತ್ತರಿಸಿದೆ. ನಿರ್ದೇಶಕರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಆಂಟಿಗೆ ಇದನ್ನು ಇನ್ನೂ ತಿಳಿಸಿಲ್ಲ, ಈ ಸಂಪುಟದಲ್ಲೇ ಓದಲಿ. ಅವರು ನೂರು ಕಾಲ ಬಾಳಲಿ, ಕಣ್ಣು ಕಿವಿ ಚುರುಕಾಗಿರಲಿ. ಆಂಟಿ, ಸಂತೆ ಮತ್ತೆ ವಸಂತಕ್ಕೆ ಬರುತ್ತದೆ. ಒಬ್ಬನೇ ಹೋಗಲು ನನಗೆ ಮನಸ್ಸಿಲ್ಲ, ಎರಡು ಟಿಕೆಟ್ ತೆಗೆಸಿದ್ದೇನೆ.