ಹಯಾತರ ಕೈಯಲ್ಲಿ ಜಾರದೆ ನಿಂತ ಚಿಕ್ಕಿ

ಬೆಳಗಿನ ಐದು ಗಂಟೆ. ಚಿಕ್ಕೇರೂರಿನ ನಿವೃತ್ತ ವಿಜ್ಞಾನ ಮಾಸ್ತರ ಪರಮೇಶಪ್ಪನವರ ಅಂಗಳದಲ್ಲಿ ಹಯಾತ ಮಂಡಿಯೂರಿ ಕುಳಿತಿದ್ದಾರೆ. ಎದುರಿಗೆ ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ಎರಡು ಮೊಳದ ಟೆಲಿಸ್ಕೋಪು, ಸ್ಟ್ಯಾಂಡಿನ ಹೊಟ್ಟೆಯಲ್ಲೊಂದು ಪುಟ್ಟ ಮೋಟಾರು. ಹಯಾತ ಸ್ಕ್ರೂಡ್ರೈವರಿನ ಹಿಡಿಕೆಯನ್ನು ಕಿವಿಗೊತ್ತಿ, ತುದಿಯನ್ನು ಮೋಟಾರಿನ ಮೈಗೆ ತಾಗಿಸಿ ಉಸಿರು ಬಿಗಿಹಿಡಿದು ಕೇಳುತ್ತಾರೆ. "ಹೂಂ, ಹಲ್ಲ ಕಡಿಯವಲ್ದು. ಚಲೋ ಓಡಾಕತ್ತೈತಿ."

ಕಟ್ಟೆಯ ಮೇಲಿನ ಮಾಸ್ತರು ತಲೆದೂಗುತ್ತಾರೆ. ಎಪ್ಪತ್ತೆರಡರ ಅವರಿಗೆ ಈಗ ಕಣ್ಣು ಕಾಣುವುದಿಲ್ಲ. ರಿಪೇರಿಗೆ ಬಂದ ಈ ಯಂತ್ರ ಎರಡು ವರ್ಷ ಹಯಾತರ ಅಂಗಡಿಯಲ್ಲಿ ಬಿದ್ದಿತ್ತು, ಕಣ್ಣು ಹೋದದ್ದೂ ಆ ಎರಡು ವರ್ಷದಲ್ಲೇ. ಹಯಾತರ ಕೊರಗು ಇಷ್ಟೇ. ಆದರೆ ಇಷ್ಟೇ ಎಂದು ಹೇಳಿ ಮುಗಿಸುವಂಥದ್ದಲ್ಲ.

ಸವಣೂರಿನ ಹಯಾತ ಹೇಳಿ ಕೇಳಿ ಸುಟ್ಟ ಪಂಪಿನ ಮೋಟಾರಿಗೆ ತಂತಿ ಸುತ್ತುವವರು. ಬೇಸಿಗೆಯಲ್ಲಿ ದಿನಕ್ಕೆ ಮೂರು ಮೋಟಾರು, ನಡುನಡುವೆ ಐದಾರು ಮಿಕ್ಸರು. ಶಿಗ್ಗಾವಿ, ಹಾನಗಲ್ಲಿನ ಕಬ್ಬಿನ ಹಾಲಿನ ಅಂಗಡಿಯವರಿಗೂ ಇವರೇ ಬೇಕು. ಮೂವತ್ತಾರು ವರ್ಷ ತಾಮ್ರದ ತಂತಿ ಎಳೆದೆಳೆದು ಬೆರಳ ತುದಿಗಳು ದಡ್ಡುಗಟ್ಟಿವೆ. ಅಂಗಡಿಗೆ ಬೋರ್ಡಿಲ್ಲ, ತಂದೆ ಜಾಕೀರಸಾಬರು ಹಾಕಿಕೊಟ್ಟ ಒಂದು ಕಟ್ಟಳೆ ಮಾತ್ರ ಇದೆ. "ರಿಪೇರಿ ಆಗದ ಸಾಮಾನು ವಾಪಸ್ ಕೊಡಬ್ಯಾಡ, ಅಂಗಡಿ ಹೆಸರು ಹೋಗತೈತಿ ಅಂತ ನಮ್ಮಪ್ಪ ಹೇಳ್ತಿದ್ರಿ. ಅದನ್ನ ಹಿಡಕೊಂಡು ಕುಂತೆ, ನೋಡ್ರಿ."

ಮಾಸ್ತರು ಈ ಟೆಲಿಸ್ಕೋಪಿನಲ್ಲಿ ಹದಿಮೂರು ವರ್ಷ ಸುತ್ತಲಿನ ಶಾಲೆಗಳ ಮಕ್ಕಳಿಗೆ ಆಕಾಶ ತೋರಿಸಿದವರು. ಭೂಮಿ ತಿರುಗುತ್ತಲೇ ಇರುವುದರಿಂದ, ನೋಡುತ್ತಿರುವ ಚಿಕ್ಕಿ, ಅಂದರೆ ನಕ್ಷತ್ರ, ನಿಮಿಷದೊಳಗೆ ಗಾಜಿನಿಂದ ಜಾರಿ ಹೋಗುತ್ತದೆ. ಮೋಟಾರು ಅದಕ್ಕೆ ಸರಿಯಾಗಿ ಟೆಲಿಸ್ಕೋಪನ್ನು ಮೆಲ್ಲಗೆ ಎದುರು ತಿರುಗಿಸುತ್ತ ಹೋದರೆ ಚಿಕ್ಕಿ ನಿಂತಲ್ಲೇ ನಿಂತಂತೆ. ಒಳಗೆ ನೂರಾ ನಲವತ್ತನಾಲ್ಕು ಹಲ್ಲಿನ ಹಿತ್ತಾಳೆ ಚಕ್ರ. ಒಂದು ಹಲ್ಲು ಸರಿಯಲು ಹತ್ತು ನಿಮಿಷ! ನಿಮಿಷಕ್ಕೆ ಸಾವಿರಾರು ಸುತ್ತು ಹೊಡೆಯುವ ಪಂಪುಗಳ ಜೊತೆ ಬಾಳುವೆ ಮಾಡಿದ ಹಯಾತರಿಗೆ ಇಂಥ ಸಾವಕಾಶದ ಯಂತ್ರ ಹೊಸದು. ಹಲ್ಲು ಸವೆದು ಚಿಕ್ಕಿ ಜಿಗಿಯತೊಡಗಿದಾಗ ಮಾಸ್ತರು ಅದನ್ನು ಸವಣೂರಿಗೆ ಹೊತ್ತು ತಂದರು.

ತಪ್ಪಾದದ್ದು ಅಲ್ಲೇ. ಪಂಪಿನವರಿಗೆ ಸಡಿಲ ಕಂಡರೆ ಆಗದು, ಕಂಡಲ್ಲೆಲ್ಲ ಬಿಗಿಯುತ್ತಾರೆ. ಹಯಾತರೂ ಬಿಗಿದರು. ಮೊದಲೆರಡು ದಿನ ಚೆನ್ನಾಗಿಯೇ ಓಡಿತು. ಮೂರನೆಯ ದಿನ ಬಿಚ್ಚಿದರೆ ಅರಿಷಿಣದಂಥ ಹಿತ್ತಾಳೆ ಪುಡಿ. ಸವೆದಿದ್ದ ಹಲ್ಲು ಇನ್ನಷ್ಟು ತೇಯ್ದು ಹೋಗಿತ್ತು. "ನನ್ನ ಕೈಲೆ ಆಗವಲ್ದು ಅಂತ ಅವತ್ತ ಹೇಳಿದ್ರ ಮುಗೀತಿತ್ತು. ಬ್ಯಾರೆ ಕಡೆ ಒಯ್ತಿದ್ರು. ನಾ ಏನಂದೆ? ಮುಂದಿನ ವಾರ ಬರ್ರಿ ಸರ್, ಅಂದೆ."

ಮೂರು ಬಸ್ಸು ಬದಲಿಸಿ ಮಾಸ್ತರು ಹನ್ನೊಂದು ಸಲ ಬಂದರು. ಪ್ರತಿ ಸಲವೂ ಚಹಾ ಕುಡಿದು, "ಅವಸರ ಏನಿಲ್ಲಪಾ ಹಯಾತ," ಎಂದು ಹೊರಟರು. ಒಂದು ಕಣ್ಣು ಆಗಲೇ ಹೋಗಿದೆ, ಇನ್ನೊಂದು ಮಬ್ಬಾಗುತ್ತಿದೆ ಎಂದು ಬಾಯಿಬಿಡಲಿಲ್ಲ. ಶನಿಯ ಉಂಗುರವನ್ನು ಇನ್ನೊಮ್ಮೆ ಕಣ್ತುಂಬ ನೋಡುವ ಆಸೆ ಅವರದು. ಮಬ್ಬುಗಣ್ಣಿಗೆ ಅದನ್ನು ಹಿಡಿಯಲು ಹೊತ್ತು ಬೇಕು, ಮೋಟಾರಿಲ್ಲದೆ ಅದು ಅಷ್ಟು ಹೊತ್ತು ನಿಲ್ಲುವುದಿಲ್ಲ. ಅಯ್ಯೋ, ಒಂದು ಮಾತು ಆಡಬಾರದಿತ್ತೇ ಎನಿಸುತ್ತದೆ. ಆದರೆ ಕೇಳಬೇಕಾದ ಹಯಾತ ಕೇಳಲೂ ಇಲ್ಲ.

ಉಪಾಯ ಹೊಳೆದದ್ದು ಹಾನಗಲ್ಲಿನಲ್ಲಿ. ಕಬ್ಬಿನ ಹಾಲಿನ ಯಂತ್ರದ ಚಕ್ರ ಒಂದು ಮಗ್ಗುಲು ಸವೆದಿತ್ತು. ಸವೆಯದ ಮಗ್ಗುಲು ಕೆಲಸಕ್ಕೆ ಬರಲೆಂದು ಹಯಾತ ಎಂದಿನಂತೆ ಅದನ್ನು ತಿರುವಿ ಹಾಕುತ್ತಿದ್ದರು. ಕೈ ಅಲ್ಲೇ ನಿಂತಿತು. ಟೆಲಿಸ್ಕೋಪು ನೋಡುವುದು ಆಕಾಶವನ್ನಷ್ಟೇ, ನೆಲದ ಕಡೆ ತಿರುಗುವುದೇ ಇಲ್ಲ. ಅಂದರೆ ಅದರ ಚಕ್ರದ ಅರ್ಧದಷ್ಟು ಹಲ್ಲು ಹದಿಮೂರು ವರ್ಷದಲ್ಲಿ ಕೆಲಸವನ್ನೇ ಮಾಡಿರಲಿಲ್ಲ! ಅಂದೇ ಅಂಗಡಿಗೆ ಬಂದು ಚಕ್ರವನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರು. ಕ್ಯಾಲೆಂಡರಿನ ತೆಳು ಹಾಳೆಯೊಂದನ್ನು ಹಲ್ಲುಗಳ ನಡುವೆ ಇಟ್ಟು ಬಿಗಿದು, ಆಮೇಲೆ ಹಾಳೆ ಎಳೆದರು. ಅಷ್ಟೇ ಬಿಡುವು ಸಾಕಿತ್ತು. ಅರ್ಧ ತಾಸಿನ ಕೆಲಸ. "ದಿನಾ ಮಾಡೂ ಕೆಲಸರೀ ಇದು. ಫಾರಿನ್ ಸಾಮಾನು ಅಂತ ಹೆದರಿ ಎರಡ ವರ್ಷ ಕಳದೆ. ನನ್ನ ಕಪಾಳಕ್ಕ ನಾನ ಹೊಡ್ಕೋಬೇಕು ಅನಿಸ್ತು."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹಯಾತ ಹುಮ್ಮಸ್ಸಿನಿಂದ ಚಿಕ್ಕೇರೂರಿಗೆ ತಂದು, ಶನಿಗೆ ಗುರಿ ಹಿಡಿದು, "ನೋಡ್ರಿ ಸರ್," ಎಂದರು. ಮಾಸ್ತರು ಬಗ್ಗಿ ಬಹಳ ಹೊತ್ತು ನೋಡಿದರು. "ಕತ್ತಲ ಐತಿ, ಹಯಾತ." ಹಯಾತ ಗಾಬರಿಯಾಗಿ ಗಾಜು ಒರೆಸಿದರು, ತಿರುಪು ತಿರುಗಿಸಿದರು. "ಮಿಷನ್ ಸರಿ ಐತಪಾ," ಎಂದರು ಮಾಸ್ತರು. "ಎರಡ ತಿಂಗಳ ಹಿಂದ ಈ ಕಣ್ಣೂ ಹೋತು. ಆದ್ರೂ ಒಂದ ಸರ್ತಿ ನೋಡೂಣು ಅನಿಸ್ತು. ನೀನ ನೋಡಿ ಹೇಳು." ಹಯಾತ ಬಗ್ಗಿ ನೋಡಿದರು. "ಚಲೋ ಐತ್ರಿ ಸರ್," ಎಂದಷ್ಟೇ ಹೇಳಿದರು. ಚಲೋ ಅಂದರೆ ಹೆಂಗಪಾ ಎಂದು ಮಾಸ್ತರು ನಕ್ಕರು.

ಅಂದಿನಿಂದ, ನೋಡಿ ಹೇಳಲೆಂದು ಪ್ರತಿ ಗುರುವಾರ ಸಂಜೆಯ ಬಸ್ಸು ಹಿಡಿದು ಚಿಕ್ಕೇರೂರಿಗೆ, ಶುಕ್ರವಾರ ಜುಮ್ಮಾ ನಮಾಜಿನ ಹೊತ್ತಿಗೆ ಸವಣೂರಿಗೆ. ಅಪ್ಪನ ಕಟ್ಟಳೆ ಮುರಿದಿದೆ: ಆಗದ ಸಾಮಾನನ್ನು ಹಯಾತ ಈಗ ಅಂದೇ ಮರಳಿಸುತ್ತಾರೆ. "ಗಿರಾಕಿ ಮುಂದ ಆಗಂಗಿಲ್ಲ ಅನ್ನಾಕ ಕಲ್ತಾರ. ಐವತ್ನಾಕನೇ ವರ್ಷಕ್ಕ," ಎನ್ನುತ್ತಾರೆ ಪತ್ನಿ ಮುಮ್ತಾಜಬೇಗಂ.

ಇಂದು ಹಯಾತ ಬಗ್ಗಿ ನೋಡುತ್ತ ಹೇಳುತ್ತಿದ್ದಾರೆ. "ನಡು ಒಂದು ಬಟಾಣಿ ಕಾಳ್ರಿ ಸರ್. ಬೆಣ್ಣಿ ಬಣ್ಣ. ಸುತ್ತ ಉಂಗುರ, ಕಾಳಿಗೆ ತಾಗವಲ್ದು."

"ನಡುವ ಎಷ್ಟ ಬಿಡುವ ಐತಿ?"

ಹಯಾತ ಮತ್ತೊಮ್ಮೆ ಕಣ್ಣಿಡುತ್ತಾರೆ. "ಕ್ಯಾಲೆಂಡರ್ ಹಾಳಿಯಷ್ಟು."

ಮಾಸ್ತರ ಮುಖ ಅರಳುತ್ತದೆ. "ಈಗ ಕಂಡ್ತು ನೋಡಪಾ."

ಹಯಾತ ಬಸ್ ಸ್ಟ್ಯಾಂಡಿಗೆ ಬರುತ್ತಾರೆ. ಬಸ್ಸು ಬಂದಾಗ ಚೀಲ ಹೆಗಲಿಗೇರಿಸುತ್ತಾರೆ. "ಕಂಡ್ತು ಅಂತಾರ್ರಿ, ನನ್ನ ಮನಸ್ಸಿಗೆ ನೋವಾಗಬಾರ್ದು ಅಂತ. ಅವಸರ ಏನಿಲ್ಲ ಅಂತಿದ್ರಲ್ಲ, ಹಂಗ."