ಅಂಗಾಲಿಗೆ ಕೇಳುತ್ತಿದ್ದ ಗಿಟಾರ್

ತುಲೆಗೆನ್ ವಸಂತದ ಹೊಸವರ್ಷದ ನೌರಿಜ್ ಹಬ್ಬಕ್ಕೆ ಮುಂಚೆ ತೀರಿಕೊಂಡ. ಗಣಿಯೂರಾದ ಕರಗಂಡದಲ್ಲಿ ಅವನನ್ನು ಬಲ್ಲವರು ಈಗಲೂ ಮೊದಲು ನೆನೆಯುವುದು ಅವನ ಬರಿಗಾಲನ್ನು. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿರಲಿ, ಗಿಟಾರ್ ಹಿಡಿದನೆಂದರೆ ಕಾಲುಚೀಲ ಬಿಚ್ಚಿಯೇ ಕೂರುತ್ತಿದ್ದ.

ಕಲ್ಲಿದ್ದಲ ಗಣಿಗೆ ಗಾಳಿ ತುಂಬುವ ಯಂತ್ರಗಳ ಪಕ್ಕದಲ್ಲೇ ಆಯುಷ್ಯ ಸವೆಸಿದವನು. ಆ ಯಂತ್ರಗಳು ಅವನ ಕಿವಿಯನ್ನು ತಿಂದುಹಾಕಿದ್ದವು. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದ. ಕಿವುಡನೆಂದು ಒಪ್ಪಿಕೊಳ್ಳುವ ಜಾಯಮಾನ ಅವನದಲ್ಲ. ಅವನ ಬಳಿ ಒಂದು ಹಳೆಯ ಆಂಪ್ಲಿಫೈಯರ್ ಇತ್ತು. ಮುಚ್ಚಿಹೋದ ಚಿತ್ರಮಂದಿರದಿಂದ ತಂದದ್ದು. ಒಳಗಿನ ಗಾಜಿನ ವಾಲ್ವ್‌ಗಳು ಬಿಸಿಯಾಗುವವರೆಗೆ ತುಟಿ ಬಿಚ್ಚದು, ಎತ್ತಲು ಇಬ್ಬರು ಬೇಕು. ಅದನ್ನು ಹಲಗೆಯ ನೆಲದ ಮೇಲಿಟ್ಟು, ಎಲೆಕ್ಟ್ರಿಕ್ ಗಿಟಾರನ್ನು ಅದಕ್ಕೆ ಜೋಡಿಸಿ ತಂತಿ ಮೀಟಿದರೆ ದನಿ ನೆಲಕ್ಕಿಳಿದು, ಅವನ ಅಂಗಾಲಿನಿಂದ ಮೇಲೇರಿ ಎದೆಗೂಡಿನಲ್ಲಿ ಕೂರುತ್ತಿತ್ತು. ಸಂಗೀತ ಅವನನ್ನು ತಲುಪಲು ಉಳಿದಿದ್ದದ್ದು ಅದೊಂದೇ ದಾರಿ.

ಕೆಳಮನೆಯ ರೈಸಾ ಸಿಟ್ಟಾಗಿ ಬಿಸಿನೀರಿನ ಕೊಳವೆಗೆ ಸೌಟಿನಿಂದ ಬಡಿಯುವಳು. ಮೆಟ್ಟಿಲಲ್ಲಿ ಸಿಕ್ಕಾಗ ಜಗಳ.

"ಅಷ್ಟು ಬಡೀತೀನಿ, ಕೇಳಲ್ವೇನೋ ಮುದಿಯ?"

"ಕೇಳುತ್ತೆ ರೈಸಾ. ನೀನು ತಾಳ ತಪ್ತೀಯ, ಅದಕ್ಕೇ ಸುಮ್ಮನಿರ್ತೀನಿ."

ಮಗಳು ಜನಾರ್, ಅಳಿಯ ಮಾರ್ಲೆನ್ ಇಬ್ಬರೂ ಹಸುಗೂಸಿನೊಡನೆ ಅವನ ಮನೆಗೇ ಬಂದು ಸೇರಿದರು. ಗಿಟಾರ್ ಸದ್ದಿಗೆ ಕೂಸು ಬೆಚ್ಚಿ ಅಳುತ್ತಿತ್ತು. ಅಳಿಯ ಒಳ್ಳೆಯವನು. ಇಟ್ಟಿಗೆಯಷ್ಟು ದೊಡ್ಡದೊಂದು ಡಿಜಿಟಲ್ ಪೆಟ್ಟಿಗೆ ತಂದ. ಹಳೆಯ ಆಂಪ್‌ನ ಮುಂದೆ ಮೈಕ್ ಇಟ್ಟು ಅದರ ದನಿಯನ್ನೇ ಈ ಪೆಟ್ಟಿಗೆಗೆ ಕಲಿಸಿದ. ಮಾವನ ಕಿವಿಗೆ ಹೆಡ್‌ಫೋನ್ ತೊಡಿಸಿ, ಅವನೆದುರು ಕೂತ.

"ನುಡಿಸಿ ಮಾವ. ಕಣ್ಣು ಮುಚ್ಚಿದ್ರೆ ಯಾವುದು ಹಳೇದು ಯಾವುದು ಹೊಸದು ಹೇಳೋಕಾಗಲ್ಲ, ಅಲ್ವಾ?"

ತುಲೆಗೆನ್ ಕಿವಿಗೆ ಗೋಡೆಯಾಚೆ ಯಾರೋ ಗೊಣಗಿದಂತಾಯಿತು, ಅಷ್ಟೇ. ಕಾಲಡಿಯ ನೆಲ ಹೆಣದಂತೆ ಬಿದ್ದಿತ್ತು. ಇದು ಆಗದು ಎನ್ನಬೇಕಾದರೆ ಕಿವಿ ಹೋಗಿದೆ ಎನ್ನಬೇಕು. ಕೂಸನ್ನು ಹೆಗಲಿಗೆ ಹಾಕಿಕೊಂಡ ಜನಾರ್ ನಿದ್ದೆಗೆಟ್ಟ ಕಣ್ಣುಗಳಲ್ಲಿ ಅಪ್ಪನ ಉತ್ತರಕ್ಕೆ ಕಾದಿದ್ದಳು.

"ತದ್ರೂಪ ಕಣೋ," ಎಂದ ತುಲೆಗೆನ್.

ಆಂಪ್ ತೆಮಿರ್‌ತಾವ್ ಊರಿನ ಹಾಡುಗಾರರ ತಂಡಕ್ಕೆ ಹೋಯಿತು. ಅದನ್ನು ಕೆಳಗಿಳಿಸುವಾಗ ರೈಸಾ ಬಾಗಿಲು ತೆರೆದು, "ಅಂತೂ ಪೀಡೆ ತೊಲಗ್ತು!" ಎಂದಳು. ತುಲೆಗೆನ್ ಅವಳಿಗೊಂದು ಸಲಾಮು ಹೊಡೆದ.

ಆಮೇಲೆ ಸಂಜೆಯ ಚಹಾ ಆದೊಡನೆ ಹೆಡ್‌ಫೋನ್ ಹಾಕಿಕೊಂಡು ಕೂರುವನು. ಬೆರಳುಗಳು ತಂತಿಯ ಮೇಲೆ ಓಡಾಡುತ್ತಿದ್ದವು, ತಲೆ ತೂಗುತ್ತಿತ್ತು. ಮನೆಯವರಿಗೆ ಸಮಾಧಾನ. ಅಪ್ಪ ಸುಖವಾಗಿದ್ದಾನೆ, ಕೂಸು ಮಲಗಿದೆ, ರೈಸಾ ಕೂಡ ಮೆಟ್ಟಿಲಲ್ಲಿ ನಗುತ್ತಾಳೆ.

ಒಂದು ಬೆಳಗ್ಗೆ ಜನಾರ್ ಇಸ್ತ್ರಿ ಪೆಟ್ಟಿಗೆಗೆ ಜಾಗ ಬೇಕೆಂದು ಗೋಡೆಯಿಂದ ಒಂದು ಪ್ಲಗ್ ಕಿತ್ತಳು. ಮತ್ತೆ ಹಾಕಲು ಮರೆತಳು. ಮರುದಿನ ಸಂಜೆ ನೆಲ ಒರೆಸುವಾಗ ಪ್ಲಗ್ ಅಲ್ಲೇ ಬಿದ್ದಿತ್ತು. ವೈರನ್ನು ಹಿಡಿದು ನೋಡುತ್ತಾ ಹೋದಳು. ಅದು ಅಪ್ಪನ ಪೆಟ್ಟಿಗೆಗೆ ಹೋಗಿ ಸೇರಿತು. ಅಪ್ಪ ನುಡಿಸುತ್ತಲೇ ಇದ್ದ.

ಅವಳು ಎದುರು ಬಂದು ಪ್ಲಗ್ ಎತ್ತಿ ತೋರಿಸಿದಳು. ಬೆರಳುಗಳು ನಿಂತವು.

"ಯಾವಾಗಿಂದ ಇದು ಕೇಳಿಸ್ತಿಲ್ಲ ಅಪ್ಪಾ?"

"ಮೊದಲಿಂದಲೂ."

"ಬಾಯಿಬಿಟ್ಟು ಒಂದು ಮಾತು ಹೇಳಬಾರದಿತ್ತಾ?"

"ಕೂಸು ಚೆನ್ನಾಗಿ ಮಲಗ್ತಿತ್ತಲ್ಲಮ್ಮ."

ಒಳಗಿನಿಂದ ಬಂದ ಮಾರ್ಲೆನ್ ವಿಷಯ ತಿಳಿದು ಅಲ್ಲೇ ನಿಂತು ತೆಮಿರ್‌ತಾವ್‌ಗೆ ಫೋನ್ ಮಾಡಿದ. ಅವರು ಆಂಪ್ ಬಿಚ್ಚಿಹಾಕಿದ್ದರು. ವಾಲ್ವ್‌ಗಳು ಒಬ್ಬನ ಪಾಲು, ಸ್ಪೀಕರ್ ಇನ್ನೊಬ್ಬನದು. ಮರದ ಗೂಡು ಎಲ್ಲಿಗೆ ಹೋಯಿತೋ ಯಾರಿಗೂ ತಿಳಿಯದು. ಮಾರ್ಲೆನ್ ಫೋನ್ ಹಿಡಿದುಕೊಂಡೇ ಗೋಡೆಯ ಕಡೆ ತಿರುಗಿ ನಿಂತ. ಏನಾಯಿತೆಂದು ತುಲೆಗೆನ್ ಕೇಳಲಿಲ್ಲ.

ಜನಾರ್ ನೆಲದ ಮೇಲೆ ಕೂತು ಅಪ್ಪನ ಮಂಡಿ ಹಿಡಿದುಕೊಂಡಳು.

"ಇಷ್ಟು ದಿನ ಸಂಜೆ ಹೊತ್ತು ಏನು ನುಡಿಸ್ತಿದ್ದೆ ಅಪ್ಪಾ?"

"ಗೊತ್ತಿಲ್ಲಮ್ಮ," ಎಂದ. "ಕೇಳಿಸಿದ್ರೆ ತಾನೇ."